ಮೊಹರಿನ ಕೊಡ

ಉಳವಪ್ಪನ ಗಂಟಲಲ್ಲಿ ಏಳೆಂಟು ಜನ ಬಾಡಿಗೆ ಕೊಡದೆ ವಾಸವಾಗಿದ್ದರು. ಧಾರವಾಡದಲ್ಲಿ ಕಾಲೇಜು ಓದುವಾಗ ಒಳಹೊಕ್ಕ ಇಂಗ್ಲಿಷ್ ಪ್ರೊಫೆಸರರು, ಖಡೇಬಜಾರದ ಬಳೆಗಾರ, ಕ್ಯಾಂಪಿನಲ್ಲಿ ಪಾವು ಮಾರುವ ಗೋವೆಯ ಮುದುಕ, ಮೂಗಿನಲ್ಲೇ ಸೀಟಿ ಊದುವಂತೆ ಮಾತಾಡುವ ರೈಲ್ವೆ ಗಾರ್ಡು. ಬೇಕೆಂದಾಗ ಒಬ್ಬೊಬ್ಬರನ್ನೂ ಹೊರಗೆ ಕರೆದು, ಅವರವರ ದನಿಯಲ್ಲೇ ಮಾತಾಡಿಸಿ, ಮತ್ತೆ ಒಳಗೆ ಕಳಿಸುತ್ತಿದ್ದ. ಇವರೆಲ್ಲರ ನಡುವೆ ಖಾಯಂ ಬಿಡಾರ ಹೂಡಿದವರೆಂದರೆ ಅವನ ಮೇಲಧಿಕಾರಿ ಮಾರ್ತಾಂಡರಾಯರು. ಖಾಯಂ ಆಗದೆ ಉಳಿದವನು ಉಳವಪ್ಪನೊಬ್ಬನೇ. ಎರಡು ವರ್ಷದಿಂದ ಅವನು ಹಂಗಾಮಿ ಕಾರಕೂನ.

ಮಾರ್ತಾಂಡರಾಯರು ಮುನ್ಸಿಫರಾಗಿ ನಿವೃತ್ತರಾದವರು. ಇಪ್ಪತ್ತೈದನೆಯ ಇಸವಿಯ ಸುಮಾರಿಗೆ ಸಣ್ಣಪುಟ್ಟ ಊರುಗಳೂ ನಳದ ನೀರಿನ ಆಸೆಗೆ ಬಿದ್ದವು. ನಳ ಬಂದ ಊರಿಗೆ ಅದರ ಬೆನ್ನಿಗೇ ಜಗಳವೂ ಬರುತ್ತಿತ್ತು. ನೀರಿಗೆ ಎಷ್ಟು ಕೊಡಬೇಕು? ಊರ ಕಮಿಟಿಯನ್ನು ಕೇಳಿದರೆ ಹೊಟ್ಟೆ ತುಂಬ, ಜನರನ್ನು ಕೇಳಿದರೆ ಪುಕ್ಕಟೆ. ಈ ಎರಡರ ನಡುವೆ ಒಂದು ಅಂಕಿ ಹುಡುಕಿ ಮಂಜೂರು ಮಾಡಲೆಂದು ಸರಕಾರ ರಾಯರನ್ನು ಮತ್ತೆ ಕೆಲಸಕ್ಕೆ ಕರೆದು, ಬೆಳಗಾವಿಯ ಕ್ಯಾಂಪಿನ ಒಂದು ಹಂಚಿನ ಬಂಗಲೆಯಲ್ಲಿ ‘ದರ ಚೌಕಶಿ ಕಚೇರಿ’ ಎಂಬ ಹಲಗೆಯ ಕೆಳಗೆ ಕೂರಿಸಿತ್ತು.

ರಾಯರು ಕೆಲಸ ಬಲ್ಲವರು. “ಉಳವಪ್ಪ, ಎಂಜಿನ್ನಿನ ಎಣ್ಣಿ, ಡ್ರೈವರನ ಪಗಾರ, ಗಟಾರ ತೊಳ್ಯಾವನ ಪಗಾರ, ಸಾಲದ ಕಂತು, ಇಷ್ಟು ಹುಟ್ಟಬೇಕು. ಇದಕ್ಕಿಂತ ಕಡಿಮಿ ಆದರ ಎಂಜಿನ್ನು ನಿಂತುಹೋಗತದ. ಹೆಚ್ಚಾದರ ಹೆಣ್ಣುಮಕ್ಕಳು ತಿರುಗಿ ಹೊಳಿಗೆ ಇಳೀತಾರ. ಎರಡೂ ಆಗದಂಗ ನೋಡೂದ ನಮ್ಮ ಕೆಲಸ. ಬರೋಬರ?” ಎನ್ನುತ್ತಿದ್ದರು. ಮಾತಿಗೆ ಮೊದಲು ಎರಡು ಬೆರಳಿನಲ್ಲಿ ಮೂಗಿಗೆ ಒಂದು ಚಿವುಟು ತಪಕೀರು, ಆಮೇಲೆ ಒಂದು ‘ಹಾಂ’, ಕೊನೆಗೆ ಆ ‘ಬರೋಬರ?’. ಅದು ಅವರು ಕೇಳುತ್ತಿದ್ದ ಪ್ರಶ್ನೆಯಲ್ಲ, ಹಾಕುತ್ತಿದ್ದ ಪೂರ್ಣವಿರಾಮ.

ಖಾನಾಪುರದ ಕಾಗದ ಅವರ ಮೇಜಿಗೆ ಬಂದು ವರ್ಷವಾಗುತ್ತ ಬಂದಿತ್ತು. ಅಲ್ಲಿ ಮಲಪ್ರಭೆಯ ದಂಡೆಗೆ ಎಣ್ಣೆಯ ಎಂಜಿನ್ನು ಕೂರಿಸಿ, ದಿಬ್ಬದ ಮೇಲೆ ಟಾಕಿ ಕಟ್ಟಿ, ನಲವತ್ತು ದೊಡ್ಡ ಮನೆಗಳಿಗೆ ಮನೆಯೊಳಗೇ ನಳ ಕೊಟ್ಟಿದ್ದರು. ಉಳಿದ ನಾಲ್ಕುನೂರು ಮನೆಗಳಿಗೆ ಓಣಿಗೊಂದರಂತೆ ಒಂಬತ್ತು ನಳ. ಮನೆನಳದವರಿಗೆ ಮನೆಯ ಕಿಮ್ಮತ್ತು ನೋಡಿ ನೀರಿನ ತೆರಿಗೆಪಟ್ಟಿ. ಓಣಿನಳದವರಿಗೆ ತಿಂಗಳಿಗೆ ನಾಲ್ಕಾಣೆ, ಅದಕ್ಕೆ ದಿನಕ್ಕೆ ಆರು ಕೊಡ. ಏಳನೆಯ ಕೊಡ ಬೇಕಾದರೆ ಕೊಡಕ್ಕೊಂದು ಪೈ.

ಕಾಗದದ ಮೇಲೆ ಇದು ಚೆಂದವಾಗಿತ್ತು. ನಳದ ಕೆಳಗೆ ಮಾತ್ರ ಹಾಗಿರಲಿಲ್ಲ. ಒಬ್ಬಾಕೆಯ ಕೊಡ ಹನ್ನೆರಡು ಶೇರಿನದು. ಇನ್ನೊಬ್ಬಾಕೆ ಮದುವೆಮನೆಯ ಹಂಡೆಯನ್ನೇ ಸೊಸೆಯೊಡನೆ ಎತ್ತಿಕೊಂಡು ಬಂದು, “ಇದ ನೋಡಪಾ, ನಮ್ಮನಿ ಕೊಡ” ಎಂದಳು. ನಳ ಕಾಯುವವನು ಕೊಡ ನೋಡಿ ಕೊಡನು, ಅವಳು ಕೊಡ ಇಟ್ಟು ಬಿಡಳು. ಹಿಂದೆ ನಿಂತ ಸಾಲು ಇಬ್ಬರಿಗೂ ಬೈಯುವುದು. ಕಡೆಗೆ ರಾಯರು ಠರಾವು ಬರೆಸಿದರು: ಪ್ರತಿ ನಳಕ್ಕೆ ಹದಿನಾರು ಶೇರು ಹಿಡಿಯುವ ಎರಡು ಮೊಹರಿನ ಕೊಡ ಇರತಕ್ಕದ್ದು; ಅದರಲ್ಲಿ ತುಂಬಿ, ಅವರವರ ಪಾತ್ರೆಗೆ ಸುರಿಯತಕ್ಕದ್ದು. ತಾಮ್ರದ್ದಾದರೆ ರಾತ್ರಿ ಕಳೆಯುವುದರೊಳಗೆ ಕಾಲು ಬರುತ್ತವೆ, ಮಣ್ಣಿನದೇ ಇರಲಿ. ಖಾನಾಪುರದಲ್ಲಿ ಮಣ್ಣಿಗೂ ಬರವಿಲ್ಲ, ಕುಂಬಾರರಿಗೂ ಬರವಿಲ್ಲ.

ಹೀಗೆ ಕಳೆದ ದಸರೆ ಮುಗಿದ ವಾರ ಉಳವಪ್ಪ ಮಾಯಪ್ಪನೆಂಬ ಕುಂಬಾರನ ಅಂಗಳಕ್ಕೆ ಹೋಗಿ ನಿಂತಿದ್ದ. ಕೈಯಲ್ಲಿ ಒಂದು ಬಿದಿರಿನ ಕಡ್ಡಿ, ಒಂದು ದಾರ. ಕಚೇರಿಯ ಹಿತ್ತಾಳೆಯ ಹದಿನಾರು ಶೇರಿನ ಕೊಡದೊಳಗೆ ಕಡ್ಡಿ ಇಳಿಸಿ ಆಳಕ್ಕೊಂದು ಗೆರೆ ಕೊರೆದಿದ್ದ, ಹೊಟ್ಟೆಗೆ ದಾರ ಸುತ್ತಿ ಗಂಟು ಹಾಕಿದ್ದ. ಸುತ್ತ ನೀರಿನ ಕಮಿಟಿಯ ನಾಲ್ಕು ಜನ. ಅವರ ಮುಂದಾಳು ಕೃಷ್ಣಾಜಿ, ಕಟ್ಟಿಗೆಯ ಗುತ್ತಿಗೆದಾರ, ಸ್ವಂತ ಮನೆಯಲ್ಲಿ ಎರಡು ನಳ ಇದ್ದವನು.

ಮಾಯಪ್ಪನಿಗೆ ಅರವತ್ತರ ಮೇಲೆ ವಯಸ್ಸು. ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆ ಮೂಡಿಸಿದ ಮೊದಲ ಹಸಿ ಕೊಡವನ್ನು ಮುಂದಿಟ್ಟ. ಉಳವಪ್ಪ ಕಡ್ಡಿ ಇಳಿಸಿದ. ಗೆರೆ ಒಳಗೆ ಮುಳುಗಿತು. ದಾರ ಸುತ್ತಿದ. ಗಂಟು ಕೂಡಲಿಲ್ಲ.

“ಮಾಯಪ್ಪಾ, ಇದು ದೊಡ್ಡದಾತು.”

“ಹೌದ್ರಿ ಅಪ್ಪಾವರ, ಹಸೀದ್ರಾಗ ದೊಡ್ಡದ ಇರಬೇಕ್ರಿ. ಒಣಗಿ, ಆವಿಗ್ಯಾಗ ಬೆಂದು...”

“ತಮ್ಮ ಓಣ್ಯಾವರಿಗೆ ಎರಡು ಶೇರು ಧರ್ಮಾ ಮಾಡಾಕತ್ತಾನ ಮುದುಕ!” ಎಂದ ಕೃಷ್ಣಾಜಿ. ಕಮಿಟಿ ನಕ್ಕಿತು.

ತನ್ನೆದುರಿಗೆ ಇನ್ನೊಬ್ಬನ ಚೇಷ್ಟೆಗೆ ನಗೆ ಬಿದ್ದರೆ ಉಳವಪ್ಪನಿಗೆ ತಡೆಯುತ್ತಿರಲಿಲ್ಲ. ಇಲ್ಲದ ಡಬ್ಬಿಯಿಂದ ಇಲ್ಲದ ತಪಕೀರು ಚಿವುಟಿ ಮೂಗಿಗೇರಿಸಿ, ಕುತ್ತಿಗೆ ಹಿಂದಕ್ಕೆಳೆದು, ಗಂಟಲೊಳಗಿನ ರಾಯರನ್ನು ಹೊರಗೆ ಕರೆದ. “ಹಾಂ! ಮಾಯಪ್ಪಾ, ಒಣಗಿದರ ಮಣ್ಣು ಸಣ್ಣದಾಗತದ, ಕಾಯ್ದೆ ಸಣ್ಣದಾಗೂದಿಲ್ಲ. ಕಡ್ಡಿ ಅಂದರ ಕಡ್ಡಿ. ಬರೋಬರ?”

ನಗೆ ಅಂಗಳದ ತುಂಬ ಉರುಳಿತು. ಕೃಷ್ಣಾಜಿ ತೊಡೆ ತಟ್ಟಿದ. ಮಾಯಪ್ಪನೂ ಮೀಸೆಯಲ್ಲಿ ಸ್ವಲ್ಪ ನಕ್ಕ. ಮತ್ತೊಮ್ಮೆ ಬಾಯಿ ತೆರೆದ, ಎಲ್ಲರ ಮುಖ ನೋಡಿದ, ಮುಚ್ಚಿಕೊಂಡ. ಆ ವಾರ ಇಪ್ಪತ್ತೆರಡು ಕೊಡ ಕಡ್ಡಿಗೆ ಸರಿಯಾಗಿ ತಯಾರಾದವು. ಬೆಂದ ಮಣ್ಣಿಗೆ ಮೊಹರು ನಾಟುವುದಿಲ್ಲವಲ್ಲ, ಹಸಿ ಇದ್ದಾಗಲೇ ಉಳವಪ್ಪ ಒಂದೊಂದನ್ನೂ ಅಳೆದು, ಹೆಗಲ ಮೇಲೆ ಹಿತ್ತಾಳೆಯ ಮೊಹರು ಒತ್ತಿದ. ವರದಿಯಲ್ಲಿ, “ಪ್ರತಿಯೊಂದು ಕೊಡವನ್ನೂ ನಾನು ಖುದ್ದಾಗಿ ಅಳೆದು ಮೊಹರು ಹಾಕಿದ್ದೇನೆ” ಎಂದು ಬರೆದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹದಿನೆಂಟು ಕೊಡ ನಳಗಳಿಗೆ ಹೋದವು. ಎರಡನ್ನು ಕಮಿಟಿಯವರು ಇಟ್ಟುಕೊಂಡರು, ಒಂದು ರಾಯರ ಕಚೇರಿಗೆ ಬಂತು. ಒಂದನ್ನು ಉಳವಪ್ಪ ನೆನಪಿಗೆಂದು ಮನೆಗೆ ತಂದು ಅಟ್ಟದ ಮೇಲಿಟ್ಟ.

ಆರು ತಿಂಗಳು ಪ್ರಯೋಗ ನಡೆಯಿತು. ಲೆಕ್ಕ ಬಂದಾಗ ಕಮಿಟಿಯ ಮುಖ ಅರಳಿತು. ಓಣಿನಳದವರು ಏಳನೆಯ ಕೊಡಕ್ಕೆ ಕೊಟ್ಟ ಪೈಗಳೇ ಕೂಡಿ ಇನ್ನೂರ ಎಂಬತ್ತು ರೂಪಾಯಿ ಹೆಚ್ಚು ಹುಟ್ಟಿತ್ತು. ಅಷ್ಟನ್ನು ಮನೆನಳದ ಪಟ್ಟಿಯಲ್ಲಿ ಇಳಿಸಬೇಕು, ಈ ದರವನ್ನೇ ಐದು ವರ್ಷಕ್ಕೆ ಖಾಯಂ ಮಾಡಬೇಕು ಎಂದು ಕೃಷ್ಣಾಜಿ ಅರ್ಜಿ ಹಾಕಿದ. ಎದುರು ತಕರಾರುಗಳೂ ಇದ್ದವು. ಹದಿಮೂರರಲ್ಲಿ ಹನ್ನೊಂದು, ‘ಮೊಹರಿನ ಕೊಡ ಸಾಲದು’ ಎಂಬ ಒಂದೇ ರಾಗ. ಅವುಗಳ ಅಂಚಿನಲ್ಲಿ ಉಳವಪ್ಪ ಟಿಪ್ಪಣಿ ಬರೆದಿದ್ದ: “ಹೊಸ ಕೊಡವು ತಾನೂ ಸ್ವಲ್ಪ ನೀರು ಕುಡಿಯುತ್ತದೆ. ಅದರ ದಾಹ ತೀರಿದ ಮೇಲೆ ತಕರಾರು ತಾನಾಗಿ ತೀರುವುದು.” ರಾಯರು ಓದಿ ಮೀಸೆಯಡಿ ನಕ್ಕು, “ಚಲೋ ಬರದೀ” ಎಂದು, ಅದನ್ನೇ ತಕರಾರಿನವರಿಗೆ ಉತ್ತರವಾಗಿ ಕಳಿಸಿದರು. ಅದೇ ವಾರ ಉಳವಪ್ಪನನ್ನು ಖಾಯಂ ಮಾಡಲು ಶಿಫಾರಸು ಬರೆದು ಲಕೋಟೆಗೆ ಹಾಕಿ, “ಖಾನಾಪುರದ ಮಂಜೂರಿ ಕೂಡ ಇದನ್ನೂ ಕಳಸೂಣು” ಎಂದರು. ಗುರುವಾರ ಖಾನಾಪುರದ ಚಾವಡಿಯಲ್ಲಿ ಜನರ ಅಹವಾಲು ಕೇಳುವ ಕೊನೆಯ ಚೌಕಶಿ. ರಾಯರು ಎರಡು ದಿನ ಮೊದಲೇ ಹೋಗಿ ಅಲ್ಲಿಯ ಬಂಗಲೆಯಲ್ಲಿ ಇಳಿದರು.

ಬುಧವಾರ ಬೆಳಿಗ್ಗೆ ಉಳವಪ್ಪನ ತಾಯಿ ಶಿವಬಸವ್ವ ಹಿತ್ತಲಿಂದ ಕೂಗಿದಳು. “ಉಳವ್ಯಾ, ಇದ್ಯಾವ ಕೊಡಾ ತಂದೀಯಪಾ? ಸರಕಾರಿ ಮೊಹರು ಐತಿ, ಸರಕಾರಿ ಹೊಟ್ಟಿ ಇಲ್ಲ ಇದಕ್ಕ.”

ಬೇಸಿಗೆಗೆ ತಣ್ಣೀರಿಗಾದೀತೆಂದು ಅಟ್ಟದಿಂದ ಆ ಕೊಡ ಇಳಿಸಿಕೊಂಡಿದ್ದಳು.

“ಏನಾತಬೇ ಯವ್ವಾ?”

“ನಮ್ಮ ಹಿತ್ತಾಳಿ ಕೊಡದಲೆ ಏಳು ಸುರಿವಿದ್ರ ಹಂಡೆ ತುಂಬತೈತಿ. ನಿನ್ನಪ್ಪ ಇದ್ದಾಗಿಂದ ಏಳು. ಇವತ್ತ ಇದರಲೆ ತುಂಬಿದೆ, ಎಂಟು ಬಂತು.”

“ಹೊಸಾ ಕೊಡಾ ಕುಡಿತೈತೆವ್ವಾ.”

“ನನಗ ಹೇಳಾಕ ಬರಬ್ಯಾಡ. ಮೂರು ದಿನಾ ನೀರಾಗ ಮುಳುಗಿಸಿ ಇಟ್ಟಿದ್ದೆ. ಕುಡಿಯೂದನ್ನೆಲ್ಲಾ ಕುಡದ ಮ್ಯಾಗ ಹೊರಗ ತಗದೀನಿ.”

ಉಳವಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಏಳಕ್ಕೆ ಎಂಟು. ಕೊಡವನ್ನು ಹೆಗಲಿಗೇರಿಸಿಕೊಂಡು ಕ್ಯಾಂಪಿಗೆ ನಡೆದ. ರಾಯರಿಲ್ಲದ ಕಚೇರಿಯಲ್ಲಿ ಬಾಗಿಲು ಮುಚ್ಚಿ, ತಾಮ್ರದ ಶೇರು ತೆಗೆದು ಒಂದೊಂದೇ ಎಣಿಸಿ ಸುರಿದ. ಹದಿನಾಲ್ಕಕ್ಕೆ ಕೊಡ ತುಳುಕಿತು. ಕಚೇರಿಯಲ್ಲಿದ್ದ ಕೊಡಕ್ಕೂ ಸುರಿದ. ಅದೂ ಹದಿನಾಲ್ಕು. ನೀರು ಚೆಲ್ಲಿ, ಒರೆಸಿ, ಹಳೆಯ ಕಡ್ಡಿ ಇಳಿಸಿದ. ಅಂದು ಬಾಯಿಯ ಸರಿಸಮಕ್ಕಿದ್ದ ಗೆರೆ ಈಗ ಅರ್ಧ ಬೆರಳು ಹೊರಗೆ ನಿಂತು ಅವನನ್ನೇ ನೋಡುತ್ತಿತ್ತು. ದಾರದ ಗಂಟು ಎರಡು ಬೆರಳು ದಾಟಿ ಹೋಯಿತು.

ಕಾಯ್ದೆ ಸಣ್ಣದಾಗಿರಲಿಲ್ಲ. ಮಣ್ಣು ಆಗಿತ್ತು. ಮುದುಕ ಅದನ್ನೇ ಹೇಳಲು ಬಂದಿದ್ದ.

ಆರು ಕೊಡವೆಂದರೆ ತೊಂಬತ್ತಾರು ಶೇರು ಎಂದು ಲೆಕ್ಕ ಹಾಕಿ ದರ ಕಟ್ಟಿದ್ದರು. ಸಿಕ್ಕಿದ್ದು ಎಂಬತ್ನಾಲ್ಕು. ಉಳಿದ ಹನ್ನೆರಡು ಶೇರಿಗಾಗಿ ಓಣಿಯ ಹೆಂಗಸರು ಏಳನೆಯ ಕೊಡ ಕೊಂಡಿದ್ದರು. ದಿನಕ್ಕೊಂದು ಪೈಯಾದರೆ ತಿಂಗಳಿಗೆ ಎರಡೂವರೆ ಆಣೆ. ಕಮಿಟಿಗೆ ಉಳಿತಾಯವೆಂದು ಕಂಡ ಇನ್ನೂರ ಎಂಬತ್ತು ರೂಪಾಯಿ ಅಲ್ಲಿಂದ ಬಂದದ್ದು. ನಾಳೆ ರಾಯರು ಸಹಿ ಹಾಕಿದರೆ ಐದು ವರ್ಷ. ಬಾಯಿ ಮುಚ್ಚಿ ಕೂತರೆ ಉಳವಪ್ಪ ಖಾಯಂ. ಬಾಯಿ ತೆರೆದರೆ, ‘ಖುದ್ದಾಗಿ ಅಳೆದ’ ಕಾರಕೂನನಿಗೆ ಯಾವ ಲಕೋಟೆ?

ಗುರುವಾರ ಬೆಳಗಿನ ಗಾಡಿಯಲ್ಲಿ ಅವನು ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ವೈಶಾಖ ಮಾಸ, ಡಬ್ಬಿಯ ತುಂಬ ಮದುವೆಯ ಜನ. ಎದುರಿಗೆ ಕುಳಿತಾಕೆ ಕೇಳಿದಳು, “ಲಗ್ನದ ಐರಾಣಿ ಕೊಡಾ ಏನ್ರಿ? ಮಗಳದೋ, ತಂಗೀದೋ?”

“ನಂದ ಬೇ,” ಎಂದ ಉಳವಪ್ಪ. “ಲಗ್ನಾ ಹೌದೋ ಅಲ್ಲೋ, ಮಧ್ಯಾಹ್ನ ತಿಳೀತೈತಿ.”

ಖಾನಾಪುರ ಸ್ಟೇಶನ್ನಿನ ಫಲಾಟಿನಲ್ಲಿ ಕೃಷ್ಣಾಜಿ ಸಿಕ್ಕ. ಗುಂಜಿಯ ಕಡೆಯಿಂದ ಬರುವ ಸಾಗವಾನಿ ವ್ಯಾಗನ್ನಿಗಾಗಿ ಬಂದಿದ್ದ. “ಏನ್ರಿ ಉಳವಪ್ಪಾವರ, ನೀರಿನ ಊರಿಗೆ ಕೊಡಾ ಹೊತಗೊಂಡು ಬಂದೀರಿ!” ಎಂದು ನಗುತ್ತ ಬಂದವನಿಗೆ ಉಳವಪ್ಪ ನಡೆದದ್ದನ್ನು ಹೇಳಿಬಿಟ್ಟ. ಯಾರಿಗಾದರೂ ಹೇಳಲೇಬೇಕಿತ್ತು.

ಕೃಷ್ಣಾಜಿ ಕೆಟ್ಟ ಮನುಷ್ಯನಲ್ಲ, ದಾರಿ ಹುಡುಕುವುದೇ ಅವನ ಧಂದೆ, ಕಾಡಿನಲ್ಲಾದರೂ ಸೈ, ಕಚೇರಿಯಲ್ಲಾದರೂ ಸೈ. “ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡೀರಿ? ಹೇಳೂದಿದ್ರ ಹೇಳ್ರಿ. ಆದ್ರ ಕುಂಬಾರ ಅಳತಿ ಕಡಿಮಿ ಮಾಡಿದಾ ಅಂತ ಹೇಳ್ರಿ. ಖರೇನ ಅಲ್ಲೇನು? ಮಾಡಿದಂವ ಅವನ. ಐದು ರೂಪಾಯಿ ದಂಡಾ ಆದೀತು, ಅದನ್ನ ನಾನ ತುಂಬತೀನಿ. ನಿಮ್ಮ ನೌಕರಿ ಉಳೀತು, ನಮ್ಮ ಕಮಿಟಿ ಹೆಸರೂ ಉಳೀತು.”

“ಅವನ ಹೆಸರು?”

“ಅಹೋ, ಮಡಕಿ ಮಾರಾವಗ ಹೆಸರು ಯಾಕ್ರಿ?”

ಉಳವಪ್ಪ ಕೊಡ ಎತ್ತಿಕೊಂಡು ಕುಂಬಾರ ಓಣಿಯ ಕಡೆ ತಿರುಗಿದ.

ಮಾಯಪ್ಪ ತಿಗರಿಯ ಮುಂದೆ ಕೂತಿದ್ದ. ಕೊಡ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತೆಂಬುದು ಅವನ ಕೈ ನಿಂತ ರೀತಿಯಲ್ಲೇ ಗೊತ್ತಾಯಿತು.

“ಕುಂದರ್ರಿ ಅಪ್ಪಾವರ.”

“ಆವತ್ತ ಏನೋ ಹೇಳಾಕ ಬಂದಿದ್ದೆಲ್ಲಾ, ಪೂರಾ ಹೇಳು.”

“ಈಗ್ಯಾಕ್ರಿ? ... ಹಸೀದ್ರಾಗ ಹದಿನೆಂಟು ಶೇರು ಇಡಬೇಕ್ರಿ. ಅದರ ಮ್ಯಾಲ ಒಂದ ಬೊಗಸಿ. ಬೆಂದ ಮ್ಯಾಗ ಹದಿನಾರಕ್ಕ ಬಂದು ನಿಲ್ಲತೈತಿ. ನಮ್ಮ ಹೊಳಿ ಮಣ್ಣಿಂದ ಲೆಕ್ಕ ಅದು.”

“ಯಾಕ ಮತ್ತೊಮ್ಮಿ ಹೇಳಲಿಲ್ಲ ನೀನು?”

ಮಾಯಪ್ಪ ಕೈಯ ಮಣ್ಣು ಕೆರೆಯುತ್ತ ನಕ್ಕ. “ಹೇಳಿದ್ನೆಲ್ರಿ. ಎಲ್ಲಾರೂ ನಕ್ರಿ. ನಗೋ ಮಂದಿ ಮುಂದ ಎರಡನೇ ಸಲ ಹೇಳಿದ್ರ, ಮುದುಕನೂ ಆಟಕ್ಕ ನಿಂತಾನ ಅಂತಿದ್ರಿ.” ಮತ್ತೆ ಅಂದ, “ನಮ್ಮನ್ಯಾಗೂ ಏಳನೇ ಕೊಡಾ ತರತಾರ್ರಿ. ನಾ ಮಾಡಿದ ಕೊಡಾನ ನನ್ನ ಕೈಯಾಗ ಪೈ ಕೇಳತೈತಿ.”

ಉಳವಪ್ಪನ ಗಂಟಲಲ್ಲಿ ಅಷ್ಟು ಜನ ಇದ್ದರೂ ಆ ಹೊತ್ತಿಗೆ ಒಬ್ಬರೂ ಸಹಾಯಕ್ಕೆ ಬರಲಿಲ್ಲ. “ಚಾವಡಿಗೆ ಬಾ, ಅಜ್ಜಾ” ಎಂದು ಎದ್ದ. ಅವನನ್ನು ಅಜ್ಜ ಎಂದು ಕರೆದದ್ದು ಅದೇ ಮೊದಲು.

ಚಾವಡಿ ತುಂಬಿತ್ತು. ರಾಯರು ಕುರ್ಚಿಯಲ್ಲಿ, ಮುಂದೆ ಮೇಜು, ಮೇಜಿನ ಮೇಲೆ ಮಂಜೂರಿಯ ಕಾಗದ, ಅದರ ಕೆಳಗೆ ತುದಿ ಕಾಣುವಂತೆ ಲಕೋಟೆ. ಮೊದಲ ತಕರಾರು ಬಸವಣ್ಣೆವ್ವನದು. ಸಾಲಿ ಮಾಸ್ತರರಿಗೆ ರೊಟ್ಟಿ ಬಡಿದು ಹಾಕಿ ಒಂಬತ್ತು ಬಾಯಿ ಸಾಕುತ್ತಿದ್ದ ವಿಧವೆ. ಸೆರಗು ಬಿಗಿದುಕೊಂಡು ಎದ್ದು ನಿಂತಳು.

“ಸಾಹೇಬ್ರ, ನಿಮ್ಮ ಕೊಡಾ ಸಾಲೂದಿಲ್ರಿ. ಹೊಸಾದು ಕುಡಿತೈತಿ ಅಂತ ಬರದು ಕಳಿಸಿದ್ರಿ. ಆರು ತಿಂಗಳಾತ್ರಿ ಕುಡ್ಯಾಕತ್ತು! ನನ್ನ ಗಂಡನೂ ಇಷ್ಟು ಕುಡದಿರಲಿಲ್ಲ, ಶಿವನ ಪಾದಾ ಸೇರಿದಾ. ಇದು ಇನ್ನೂ ಗಟ್ಟಿಮುಟ್ಟ ಐತಿ.”

ಚಾವಡಿಯೆಲ್ಲ ನಕ್ಕಿತು. ಉಳವಪ್ಪನಿಗೆ ನಗೆ ಬರಲಿಲ್ಲ.

“ಹಾಂ,” ಎಂದರು ರಾಯರು. “ಉಳವಪ್ಪ, ಇದಕ್ಕ ನೀ ಟಿಪ್ಪಣಿ ಬರದೀಯಲ್ಲ, ಓದು.”

ಉಳವಪ್ಪ ಎದ್ದ. ಕಾಗದ ಮುಟ್ಟಲಿಲ್ಲ. ಕೊಡವನ್ನು ಮೇಜಿನ ಮುಂದಿಟ್ಟು, ತಾಮ್ರದ ಶೇರು ತೆಗೆದು, ಬಕೀಟಿನಿಂದ ಎಲ್ಲರಿಗೂ ಕೇಳುವಂತೆ ಎಣಿಸುತ್ತ ಸುರಿದ. ಹತ್ತರ ಹೊತ್ತಿಗೆ ಹೆಂಗಸರೂ ದನಿಗೂಡಿಸಿದರು. ಹನ್ನೆರಡು, ಹದಿಮೂರು, ಹದಿನಾಲ್ಕು. ನೀರು ಮೊಹರಿನ ಮೇಲಿಂದ ಇಳಿದು ನೆಲಕ್ಕೆ ಹರಿಯಿತು. ಹದಿನೈದು ಎನ್ನಲು ಬಾಯಿ ತೆರೆದವರು ಹಾಗೇ ನಿಂತರು.

“ಕುಂಬಾರ ಅದಾನಲ್ಲ ಇಲ್ಲೇ, ಅವನ್ನ ಕೇಳೂಣು,” ಎಂದ ಕೃಷ್ಣಾಜಿ ಮೆಲ್ಲಗೆ.

ರಾಯರ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಮಾಯಪ್ಪ ಕೈಜೋಡಿಸಿ ಎದ್ದ. “ಏನಿದು?” ಎಂದು ರಾಯರು ಗುಡುಗಿದರು. ಮುದುಕ ಉಳವಪ್ಪನ ಕಡೆ ನೋಡಿದ, ಅಷ್ಟೆ. ಬೇಡಿಕೊಳ್ಳುವ ನೋಟವಲ್ಲ ಅದು. ಆವಿಗೆಯ ಬಾಯಿ ತೆರೆದು, ಯಾವುದು ಒಡೆದಿದೆ, ಯಾವುದು ಉಳಿದಿದೆ ಎಂದು ನೋಡುವ ನೋಟ.

“ಅವನು ಹೇಳಿದ್ದ, ಸಾಹೇಬ್ರ,” ಎಂದ ಉಳವಪ್ಪ. “ಬೆಂದ ಮ್ಯಾಲ ಸಣ್ಣದಾಗತೈತಿ, ಹಸೀದ್ರಾಗ ದೊಡ್ಡದು ಇಡೂಣು ಅಂದಿದ್ದ. ನಾನ ಬ್ಯಾಡ ಅಂದೆ.”

“ಏನಂತ ಅಂದಿ?”

“ಚೇಷ್ಟೆ ಮಾಡಿದ್ನಿರಿ.”

“ಏನಂದಿ ಅಂತ ಕೇಳಿದೆ. ಕಾಗದಕ್ಕ ಬರೀಬೇಕು.”

ಉಳವಪ್ಪ ತಲೆ ತಗ್ಗಿಸಿ ತನ್ನ ಸ್ವಂತ ದನಿಯಲ್ಲಿ ಹೇಳಿದ. ಮಣ್ಣು ಸಣ್ಣದಾಗುತ್ತದೆ, ಕಾಯ್ದೆ ಸಣ್ಣದಾಗುವುದಿಲ್ಲ, ಕಡ್ಡಿ ಅಂದರೆ ಕಡ್ಡಿ.

ರಾಯರು ಹುಬ್ಬು ಗಂಟಿಕ್ಕಿದರು. “ಇದರಾಗ ಚೇಷ್ಟೆ ಎಲ್ಲಿ ಬಂತು? ಹೆಂಗ ಅಂದಿ, ಹಂಗ ಅನ್ನು.”

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಉಳವಪ್ಪ ಎರಡು ಬೆರಳು ಮೂಗಿಗೇರಿಸಿದ, ಕುತ್ತಿಗೆ ಹಿಂದಕ್ಕೆಳೆದ. “ಹಾಂ! ಮಾಯಪ್ಪಾ...” ಎಂದು ತೊಡಗಿ, ‘ಬರೋಬರ?’ದ ತನಕ ಒಂದು ಉಸಿರೂ ಹೆಚ್ಚು ಕಡಿಮೆ ಆಗದಂತೆ ಅಂದು ಮುಗಿಸಿದ. ಇಷ್ಟು ಚೆನ್ನಾಗಿ ಅವನು ಎಂದೂ ಮಾಡಿರಲಿಲ್ಲ. ಎಪ್ಪತ್ತು ಜನರ ಚಾವಡಿಯಲ್ಲಿ ಒಬ್ಬರೂ ನಗಲಿಲ್ಲ. ಮೇಜಿನ ಹಿಂದೆ ರಾಯರ ಎರಡು ಬೆರಳು ತಪಕೀರು ಹಿಡಿದು ಮೂಗಿನ ಅರ್ಧ ದಾರಿಯಲ್ಲಿ ನಿಂತಿದ್ದವು, ಉಳವಪ್ಪನ ಬೆರಳು ನಿಂತಲ್ಲೇ, ನಿಂತ ಹಾಗೆಯೇ. ಅವರು ಅದನ್ನು ನೋಡಿಕೊಂಡರು. ತಪಕೀರನ್ನು ತಿರುಗಿ ಡಬ್ಬಿಗೆ ಉದುರಿಸಿ, ಮುಚ್ಚಳ ಹಾಕಿದರು.

“ಹೌದು,” ಎಂದರು. “ಅಲ್ಲಿ ನಾನ ಇದ್ದಿದ್ದರೂ ಹಂಗ ಅಂತಿದ್ದೆ.”

ಆಮೇಲೆ ಮಾಯಪ್ಪನಿಗೆ, “ಕೂಡ್ರೀ ನೀವು” ಎಂದರು. ಬಹುವಚನ ಕೇಳಿ ಮುದುಕ ಗಾಬರಿಯಿಂದ ಇನ್ನಷ್ಟು ಹೊತ್ತು ನಿಂತೇ ಇದ್ದ.

ರಾಯರು ಕಾಗದ ಎಳೆದುಕೊಂಡು ತಾವೇ ಬರೆಯುತ್ತ, ಬರೆದದ್ದನ್ನು ಓದುತ್ತ ಹೋದರು. ಹದಿನಾರು ಶೇರಿನ ಹೊಸ ಕೊಡ ಬರುವ ತನಕ ಅದೇ ನಾಲ್ಕಾಣೆಗೆ ಆರಲ್ಲ, ಏಳು ಮೊಹರಿನ ಕೊಡ. ಏಳು ಹದಿನಾಲ್ಕಲೆ ತೊಂಬತ್ತೆಂಟು.

“ಸಾಹೇಬ್ರ, ಎರಡು ಶೇರು ಹೆಚ್ಚಾತಲ್ಲ?” ಎಂದ ಕೃಷ್ಣಾಜಿ.

“ಹೆಚ್ಚಾಗಲಿ. ಒಂದು ಕೊಡದಿಂದ ಇನ್ನೊಂದಕ್ಕ ಸುರುವೂದ್ರಾಗ ಅಷ್ಟು ಚೆಲ್ಲತದ. ಅದನ್ನ ನಾವು ಹಿಡದಿದ್ದಿಲ್ಲ.” ಇನ್ನೂರ ಎಂಬತ್ತು ರೂಪಾಯಿ ಉಳಿತಾಯವಲ್ಲ, ಓಣಿಯವರ ಮುಂಗಡ, ಅದು ತೀರುವ ತನಕ, ಸುಮಾರು ಮೂರು ತಿಂಗಳು, ಅವರಿಂದ ಪಟ್ಟಿ ಕೇಳಕೂಡದು. ಮನೆನಳದ ಪಟ್ಟಿ ಇಳಿಸಲು ಕಾರಣವಿಲ್ಲ. ಇಷ್ಟು ಬರೆದು ‘ಐದು ವರ್ಷ’ ಎಂಬಲ್ಲಿಗೆ ಬಂದಾಗ ಲೆಕ್ಕಣಿಕೆ ನಿಂತಿತು.

“ಕೃಷ್ಣಾಜಿ, ನಾವು ಇಲ್ಲಿ ಕೂತು ಠರಾಯಿಸೂ ದರಾ ಏನದ, ಅದೂ ಹಸೀ ಕೊಡಾನ. ಮೊಹರು ಹಸಿ ಇದ್ದಾಗ ಹಾಕಬೇಕು, ಬ್ಯಾರೆ ದಾರಿ ಇಲ್ಲ. ಮುಂದ ಊರಾಗ ಅದು ಹೆಂಗ ಬೇಯತದ, ಎಷ್ಟು ಕುಗ್ಗತದ, ನಮಗೇನು ಗೊತ್ತು? ಬೆಂದ ಮ್ಯಾಲ ಮತ್ತ ಅಳೀಬೇಕು.” ಐದನ್ನು ಹೊಡೆದು ಒಂದು ಎಂದು ಬರೆದರು. ‘ಬರೋಬರ’ ಎನ್ನಲು ಬಾಯಿ ತೆರೆದವರು, ಮೊದಲ ಸಲ ನಿಜವಾಗಿ ಕೇಳುವ ಹಾಗೆ ಬಸವಣ್ಣೆವ್ವನ ಕಡೆ ನೋಡಿದರು. “ಬರೋಬರ ಆತೇನವಾ?”

“ಕೊಡಾ ತುಂಬಿ ಬಂದ ಮ್ಯಾಗ ಹೇಳತೀನ್ರಿ,” ಎಂದಳು ಅವಳು.

ಜನ ಚದುರಿದರು. ರಾಯರು ಲಕೋಟೆಯನ್ನು ಕೈಗೆತ್ತಿಕೊಂಡು ಉಳವಪ್ಪನ ಮುಂದೆ ಹಿಡಿದು, ಕೊಡದೆ, ತಮ್ಮ ಕೋಟಿನ ಒಳಕಿಸೆಗೆ ಇಳಿಸಿದರು. “ಇದೂ ಹಸಿ ಅದ. ಒಂದು ವರ್ಷ ಬೇಯಲಿ.”

“ಹೌದ್ರಿ,” ಎಂದ ಉಳವಪ್ಪ. ಎದೆ ಹಗುರಾಗಿತ್ತೆಂದರೆ ಸುಳ್ಳಾದೀತು. ಹನ್ನೆರಡು ತಿಂಗಳ ಹಂಗಾಮಿ ಪಗಾರದಲ್ಲಿ ತಾಯಿಗೆ ಏನೆಂದು ಹೇಳುವುದು ಎಂಬ ಚಿಂತೆ ಅಲ್ಲೇ ಶುರುವಾಗಿತ್ತು.

ಎಂಟು ದಿನದ ಮೇಲೆ ಹೊಸ ಕೊಡಗಳಿಗಾಗಿ ಅವನು ಮತ್ತೆ ಕುಂಬಾರ ಓಣಿಗೆ ಬಂದ. ಹಸಿ ಇದ್ದಾಗ ಮೊಹರು, ಬೆಂದ ಮೇಲೆ ನೀರು ತುಂಬಿ ಅಳೆದು, ಸರಿಯಿದ್ದರೆ ಕಂಠಕ್ಕೆ ಅರದಿಂದ ಒಂದು ಗೀರು, ಇಲ್ಲದಿದ್ದರೆ ಒಡೆಯುವುದು. ಇದು ಹೊಸ ಠರಾವು. ಮಾಯಪ್ಪ ತಟ್ಟಿ ಮುಗಿಸಿದ ಕೊಡವನ್ನು ಮುಂದೆ ಸರಿಸಿದ. ಉಳವಪ್ಪ ರೂಢಿಯ ಮೇಲೆ ಕಡ್ಡಿ ಇಳಿಸಿದ. ಗೆರೆ ಮುಳುಗಿತು.

“ಕಡ್ಡಿ ಮುಳುಗೇತ್ರಿ ಅಪ್ಪಾವರ,” ಎಂದ ಮಾಯಪ್ಪ, ಮುಖ ಅಲ್ಲಾಡಿಸದೆ.

“ಮುಳುಗಲಿ ಬಿಡಜ್ಜಾ.”

“ಆ ಸಾಹೇಬ್ರ ದನೀ ಒಮ್ಮಿ ತಗೀರಲಾ. ಆವತ್ತ ನನಗೂ ಭಾಳ ನಗಿ ಬಂದಿತ್ತು. ಪೂರಾ ನಗಾಕ ಧೈರ್ಯ ಆಗಲಿಲ್ಲ.”

“ಅವರು ಬಿಡಾರಾ ಖಾಲಿ ಮಾಡ್ಯಾರ.”

“ಬಾಡಿಗಿ ಏರಿಸಿದ್ರೇನು?”

“ಏರಸೂದೆಲ್ಲಿ ಬಂತು, ಇಷ್ಟು ದಿನಾ ಕೇಳೇ ಇರಲಿಲ್ಲ. ಈಗ ಕೇಳಾಕ ಹತ್ತೀನಿ.”

ಮುದುಕ ಈ ಸಲ ಪೂರಾ ನಕ್ಕ. ಉಳವಪ್ಪ ಕಡ್ಡಿಯನ್ನು ಒರೆಸಿ ಬದಿಗಿಟ್ಟು, ಮೊಹರು ಕೈಗೆ ತೆಗೆದುಕೊಂಡ. ಒತ್ತುವ ಮೊದಲು ನಿಂತು ಕೇಳಿದ, “ಬೊಗಸಿ ಹಿಡದೀಯಲಾ, ಹದಿನೆಂಟರ ಮ್ಯಾಲ?”

ಮಾಯಪ್ಪ ಮಣ್ಣಾದ ಎರಡೂ ಕೈ ಕೂಡಿಸಿ, ಬೊಗಸೆ ಮಾಡಿ ತೋರಿಸಿದ. ಉಳವಪ್ಪ ಆ ಬೊಗಸೆಯನ್ನು ಚೆನ್ನಾಗಿ ನೋಡಿ, ಮೊಹರು ಒತ್ತಿದ.